ನಿಗದಿತ ಹೊತ್ತಿನ ಬರವಣಿಗೆಯೋ, ಹೊಳೆದಾಗಿನ ಬರವಣಿಗೆಯೋ?

ಕೊಡಗಿನಲ್ಲಿ ತೋಟದ ಕೆಲಸದ ನಡುವೆ ಬರೆಯುವವರ ಮುಂದೆ ಎರಡು ದಾರಿಗಳಿವೆ: ದಿನವೂ ಒಂದೇ ಹೊತ್ತಿಗೆ ಕುಳಿತು ಬರೆಯುವುದು, ಇಲ್ಲವೇ ಹೊಳೆದದ್ದನ್ನು ಹೊಳೆದಾಗಲೇ ಹಿಡಿದಿಡುವುದು.

ಮೊದಲನೆಯದು ಕಾದಂಬರಿಯಂತಹ ದೀರ್ಘ ಬರಹಕ್ಕೆ ಹೆಚ್ಚು ಒದಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಹೊರಗಿನ ಓಡಾಟ ತಗ್ಗುವುದರಿಂದ ಈ ಶಿಸ್ತನ್ನು ಆಗ ರೂಢಿಸಿಕೊಳ್ಳುವುದು ಸುಲಭ. ಕರೆಂಟು ಹೋದರೂ ಕಾಗದ, ಪೆನ್ನು ಸಾಕು. ಮನಸ್ಸು ಚದುರುವವರಿಗೆ, 1980ರ ದಶಕದ ಕೊನೆಯಲ್ಲಿ ಫ್ರಾಂಚೆಸ್ಕೊ ಚಿರಿಲ್ಲೊ ರೂಪಿಸಿದ ಪೊಮೊಡೊರೊ ವಿಧಾನ, ಅಂದರೆ 25 ನಿಮಿಷ ಬರೆದು 5 ನಿಮಿಷ ವಿರಾಮ ತೆಗೆದುಕೊಳ್ಳುವ ಕ್ರಮ, ನೆರವಾಗುತ್ತದೆ. ಆದರೆ ಸಂಭಾಷಣೆ ಸರಾಗವಾಗಿ ಸಾಗುತ್ತಿರುವಾಗ ಗಂಟೆ ಬಾರಿಸಿತೆಂದು ಎದ್ದುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಎರಡನೆಯದು ಕವಿತೆಗೆ, ಕಿರುಬರಹಕ್ಕೆ ಒಗ್ಗುತ್ತದೆ. ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಕಾಫಿ ಹಣ್ಣು ಹರವುತ್ತಿರುವಾಗ ಹೊಳೆದ ಸಾಲನ್ನು ಅಲ್ಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದು. ಬರೀ ‘ಕಣ, ಸಂಜೆ’ ಎಂದು ಗುರುತು ಹಾಕಿಕೊಂಡರೆ ವಾರದ ಬಳಿಕ ಅದರಿಂದ ಏನೂ ಹೊರಡುವುದಿಲ್ಲ. ಇಡೀ ವಾಕ್ಯವನ್ನೇ ದಾಖಲಿಸಬೇಕು.

ಮುಗಿಸಲೇಬೇಕಾದ ಹಸ್ತಪ್ರತಿ ಕೈಯಲ್ಲಿದ್ದರೆ ಮೊದಲನೆಯದನ್ನೇ ಆರಿಸಿಕೊಳ್ಳಿ. ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಎರಡನೆಯದಕ್ಕೆ ಹೊರಳಿ, ಸಂಗ್ರಹವಾದ ಸಾಲುಗಳನ್ನು ಕೊಯ್ಲು ಮುಗಿದ ಮೇಲೆ ಬಿಡಿಸಿ ಬರೆಯಿರಿ.