ಸ್ಮಾಲ್ ಸೆಲ್ಲಾ, ಸ್ಕ್ವೇಮಸ್ಸಾ? ಬಯಾಪ್ಸಿ ರಿಪೋರ್ಟಿಗಿಂತ ಮುಂಚೆ ಸಿಗೋ ಸುಳಿವುಗಳು

ಶ್ವಾಸಕೋಶದಲ್ಲಿ ಗೆಡ್ಡೆ ಕಂಡಿದೆ, ಬಯಾಪ್ಸಿ ರಿಪೋರ್ಟ್ ಇನ್ನೂ ಬಂದಿಲ್ಲ, ಯಾವ ಟೈಪ್ ಕ್ಯಾನ್ಸರ್ (ಸ್ಮಾಲ್ ಸೆಲ್, ಸ್ಕ್ವೇಮಸ್, ಅಡಿನೋಕಾರ್ಸಿನೋಮ) ಇರ್ಬಹುದು ಅಂತ ಯೋಚ್ನೆ ಮಾಡ್ವಾಗ ನಾನು ಮೊದ್ಲು ನೋಡೋದು ರಕ್ತದ ಸೋಡಿಯಂ, ಕ್ಯಾಲ್ಸಿಯಂ. ಬೇರೆ ಕಾರಣ ಇಲ್ದೆ ಸೋಡಿಯಂ ಇಳಿದಿದ್ರೆ ಸ್ಮಾಲ್ ಸೆಲ್ ಕಡೆ ವಾಲಿ, ಗೆಡ್ಡೆನೇ ಎಡಿಎಚ್ (ಮೂತ್ರದಲ್ಲಿ ನೀರು ಹೋಗದ ಹಾಗೆ ತಡೆಯೋ) ಹಾರ್ಮೋನ್ ಬಿಡುತ್ತೆ, ಮೈಯಲ್ಲಿ ನೀರು ಉಳ್ಕೊಂಡು ಸೋಡಿಯಂ ತೆಳುವಾಗುತ್ತೆ. ಕ್ಯಾಲ್ಸಿಯಂ ಜಾಸ್ತಿ, ಪಿಟಿಎಚ್ (ಕ್ಯಾಲ್ಸಿಯಂ ಏರಿಸೋ ಪ್ಯಾರಾಥೈರಾಯ್ಡ್ ಹಾರ್ಮೋನ್) ಕಮ್ಮಿ ಇದ್ರೆ ಸ್ಕ್ವೇಮಸ್, ಅಲ್ಲಿ ಗೆಡ್ಡೆ ಬಿಡೋ, ಪಿಟಿಎಚ್ ತರಾನೇ ಇರೋ ಪಿಟಿಎಚ್‌ಆರ್‌ಪಿ ಕೆಲಸ ಮಾಡ್ತಿರುತ್ತೆ, ಆದ್ರೆ ಮೂಳೆಗೆ ಹರಡಿದ್ರೂ ಕ್ಯಾಲ್ಸಿಯಂ ಏರುತ್ತೆ, ಮರೀಬೇಡಿ.

ಎಸಿಟಿಎಚ್ (ಮೈಯಲ್ಲಿ ಕಾರ್ಟಿಸಾಲ್ ಏರಿಸೋ ಹಾರ್ಮೋನ್) ಬಿಡೋದ್ರಲ್ಲೂ ಸ್ಮಾಲ್ ಸೆಲ್ ಮುಂದು (ಕಾರ್ಸಿನಾಯ್ಡ್ ಅನ್ನೋ ಇನ್ನೊಂದು ಬಗೆಯ ಗೆಡ್ಡೆ ಕೂಡ ಬಿಡುತ್ತೆ). ಇಲ್ಲಿ ಕಾರ್ಟಿಸಾಲ್ ಜಾಸ್ತಿ ಆದ್ರೆ ಬರೋ ದುಂಡು ಮುಖ ಹುಡುಕ್ತಾ ಕೂರ್ಬೇಡಿ, ಕಾಯಿಲೆ ಬೇಗ ಬೆಳೆಯೋದ್ರಿಂದ ಪೊಟ್ಯಾಸಿಯಂ ಇಳಿಯೋದು, ಬಿಪಿ ಶುಗರ್ ಏರೋದು, ಸುಸ್ತು, ಇವೇ ಮೊದ್ಲು ಕಾಣ್ಸೋದು. ತೊಡೆ ಸೋತು ಕುರ್ಚಿಯಿಂದ ಏಳೋಕೆ ಕಷ್ಟ, ಆದ್ರೆ ಸ್ವಲ್ಪ ಹೊತ್ತು ಸ್ನಾಯು ಬಿಗಿ ಹಿಡಿದ್ರೆ ಬಲ ಬರುತ್ತೆ ಅಂದ್ರೆ ಲ್ಯಾಂಬರ್ಟ್-ಈಟನ್ (ನರದಿಂದ ಸ್ನಾಯುಗೆ ಸಂದೇಶ ಸರಿಯಾಗಿ ಹೋಗದ ಕಾಯಿಲೆ), ಇದು ಕಂಡ್ರೆ ನಾನಂತೂ ಸ್ಮಾಲ್ ಸೆಲ್ ಹುಡುಕ್ದೆ ಬಿಡಲ್ಲ, ಕೆಲವೊಮ್ಮೆ ಗೆಡ್ಡೆ ಕಾಣೋಕೂ ಮುಂಚೆನೇ ಇದು ಬಂದಿರುತ್ತೆ.

ಬೆರಳ ತುದಿ ಊದಿ, ಮಣಿಕಟ್ಟು ಕಾಲು ನೋಯ್ತಿದ್ರೆ ಅಡಿನೋಕಾರ್ಸಿನೋಮ ನೆನಪಿರ್ಲಿ, ಸ್ಮಾಲ್ ಸೆಲ್‌ನಲ್ಲಿ ಅದು ಅಪರೂಪ.

ಖಚಿತ ಮಾಡೋದು ಬಯಾಪ್ಸಿನೇ. ಆದ್ರೆ ಸೋಡಿಯಂ ತೀರಾ ಇಳಿದು ಫಿಟ್ಸ್ ಬಂದ್ರೆ ರಿಪೋರ್ಟಿಗೆ ಕಾಯೋ ಹಾಗಿಲ್ಲ, ತಕ್ಷಣ ಟ್ರೀಟ್ಮೆಂಟ್ ಶುರು ಆಗ್ಲೇಬೇಕು.