ಉತ್ತದ್ದೋ, ಕೊಯ್ದದ್ದೋ, ಸುಟ್ಟದ್ದೋ: ಬಯಲುಸೀಮೆಯ ಹೊಲಕ್ಕೆ ಯಾವ ಬೆಂಕಿಪಟ್ಟಿ?

ದೀಪಾವಳಿ ಕಳೆದ ಮೇಲೆ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಬದುಗಳ ಹುಲ್ಲು ದಿನದಿನಕ್ಕೆ ಬಣ್ಣ ಬಿಡುತ್ತದೆ. ಪುಷ್ಯ ಮಾಸದ ಹೊತ್ತಿಗೆ ಕಡ್ಡಿ ಬಾಗಿಸಿದರೆ ಬಳುಕುವುದಿಲ್ಲ, ಟಕ್ಕೆಂದು ಮುರಿಯುತ್ತದೆ. ಬೆಂಕಿಯ ಕಾಲ ಅಲ್ಲಿಂದಲೇ ಶುರು. ಚಳಿಯಿದೆ, ಬೆಂಕಿಯ ಭಯ ಬೇಸಿಗೆಗೆ ಇರಲಿ ಎಂದು ಕೂರುವುದೇ ದೊಡ್ಡ ತಪ್ಪು. ಹುಲ್ಲಿನಂಥ ಸಣ್ಣ ಇಂಧನ ಸುತ್ತಲ ಗಾಳಿಯ ತೇವಕ್ಕೆ ಸುಮಾರು ಒಂದು ಗಂಟೆಯಲ್ಲಿ ಹೊಂದಿಕೊಳ್ಳುತ್ತದೆ. ಬೆಳಗ್ಗೆ ಏಳಕ್ಕೆ ಇಬ್ಬನಿಯಲ್ಲಿ ನೆಂದು ಕಡ್ಡಿ ಗೀರಿದರೂ ಹತ್ತದ ಬದು, ಹನ್ನೊಂದಕ್ಕೆ ಒಂದು ಕಿಡಿಗೆ ಹತ್ತುತ್ತದೆ. ನಮ್ಮ ಗುಡ್ಡಗಳ ಗಾಳಿಯಂತ್ರಗಳು ಜೋರಾಗಿ ತಿರುಗುವುದು ಮುಂಗಾರಿನಲ್ಲಿ, ನಿಜ. ಆದರೆ ಆಗ ಹುಲ್ಲು ಹಸಿರು. ಡಿಸೆಂಬರ್–ಜನವರಿಯ ಮೂಡುಗಾಳಿ ಅದರ ಅರ್ಧದಷ್ಟಿದ್ದರೂ ಒಣಹುಲ್ಲಿಗೆ ಅಷ್ಟು ಸಾಕು. ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್ ಕೌಂಟಿಯಲ್ಲಿ 2021ರ ಡಿಸೆಂಬರ್ 30ರಂದು ಒಣಹುಲ್ಲಿಗೆ ಹತ್ತಿದ ಬೆಂಕಿ ಬಿರುಗಾಳಿಯಲ್ಲಿ ಒಂದೇ ದಿನಕ್ಕೆ ಸಾವಿರಕ್ಕೂ ಹೆಚ್ಚು ಮನೆ ಸುಟ್ಟಿತು. ಮರುದಿನವೇ ಅಲ್ಲಿ ಹಿಮ ಬಿತ್ತು. ಬೆಂಕಿಗೆ ಬೇಕಾದದ್ದು ಬಿಸಿಲಲ್ಲ, ಒಣಗಿದ ಹುಲ್ಲು ಮತ್ತು ಗಾಳಿ.

ಹೊಲ, ಬಣವೆ, ತೋಟ ಉಳಿಸಿಕೊಳ್ಳುವ ದಾರಿ ಬೆಂಕಿಪಟ್ಟಿ, ಅಂದರೆ ಬೆಂಕಿ ದಾಟದಂತೆ ಸುತ್ತ ಹುಲ್ಲು ತೆಗೆದು ಬಿಡುವ ಪಟ್ಟಿ. ಅದನ್ನು ಮಾಡುವ ವಿಧಾನದಲ್ಲಿ ಒಬ್ಬೊಬ್ಬರದು ಒಂದೊಂದು ವಾದ. ಐದು ವಿಧಾನಗಳನ್ನು ಕೆಂಪು ಮಸಾರಿ ಮಣ್ಣಿನಲ್ಲೂ ಕಪ್ಪು ಎರೆ ಮಣ್ಣಿನಲ್ಲೂ ಮಾಡಿ ನೋಡಿದ್ದೇವೆ. ಯಾವುದು ಎಲ್ಲಿ ಕೆಡುತ್ತದೆ ಎಂಬುದೇ ಇಲ್ಲಿ ಮುಖ್ಯ.

ಮೊದಲು ಅಳತೆ. ಮೊಣಕಾಲೆತ್ತರದ ಹುಲ್ಲಿನ ಪಕ್ಕ 3 ಮೀಟರ್ ಅಗಲ ಸಾಕು. ಸೊಂಟದೆತ್ತರದ ಬಾದೆ ಹುಲ್ಲಿದ್ದರೆ 5ರಿಂದ 6 ಮೀಟರ್ ಬೇಕು, ಏಕೆಂದರೆ ಗಾಳಿಗೆ ಬಾಗಿದ ಜ್ವಾಲೆ ಹುಲ್ಲಿನ ಎತ್ತರದ ಎರಡು ಮೂರು ಪಟ್ಟು ಮುಂದಕ್ಕೆ ಚಾಚುತ್ತದೆ. ನಾಲ್ಕೂ ಬದಿಗೆ ಒಂದೇ ಅಗಲ ಮಾಡುವುದು ದುಡಿಮೆಯ ದಂಡ. ಜನವರಿವರೆಗೆ ಗಾಳಿ ಹೆಚ್ಚಾಗಿ ಮೂಡಣದಿಂದ, ಈಶಾನ್ಯದಿಂದ ಬರುವುದರಿಂದ ಆ ಬದಿಗೆ ಅಗಲ ಕೊಡಿ. ಪಡುವಣ ಬದಿಗೆ ಮೊದಲು ಕಿರಿದಾದ ಪಟ್ಟಿ ಸಾಕು, ಶಿವರಾತ್ರಿ ಹೊತ್ತಿಗೆ ಅದನ್ನು ಹಿಗ್ಗಿಸಿದರಾಯಿತು. ಹೊಲದ ಕೆಳಗೆ ಇಳಿಜಾರಿನಲ್ಲಿ ಹುಲ್ಲುಗಾವಲಿದ್ದರೆ ಗಾಳಿ ಯಾವ ಕಡೆಯದಾದರೂ ಆ ಬದಿ ಅಗಲವಾಗಿರಲಿ. ಬೆಂಕಿ ಏರು ಹತ್ತುವಾಗ ಮುಂದಿನ ಹುಲ್ಲನ್ನು ತಾನೇ ಕಾಯಿಸಿ ಒಣಗಿಸಿಕೊಂಡು ಓಡುತ್ತದೆ.

ಉತ್ತ ಪಟ್ಟಿ

ನಮ್ಮ ಮೊದಲ ಆಯ್ಕೆ ಇದೇ. ನಾಲ್ಕು ಎಕರೆಯ ಚೌಕ ಹೊಲದ ಸುತ್ತಳತೆ ಸುಮಾರು 510 ಮೀಟರ್. 3 ಮೀಟರ್ ಪಟ್ಟಿಗೆ 15 ಗುಂಟೆ ಜಾಗ ಹೋಗುತ್ತದೆ. ಹದಿನೈದು ಗುಂಟೆ ಎಂದ ಕೂಡಲೇ ರೈತರು ಹಿಂದೇಟು ಹಾಕುತ್ತಾರೆ, ಆದರೆ ಹೋಗುವುದು ಬೆಳೆಯಲ್ಲ. ಮೆಕ್ಕೆಜೋಳವೋ ಶೇಂಗಾವೋ ಕೊಯ್ದಾದ ಮೇಲೆ ಬದುವಿನ ಒಳಮಗ್ಗುಲಿನ ಕೂಳೆ ನೆಲವನ್ನೇ ಉತ್ತರೆ ಸಾಕು. ಹೇಗೂ ಮಾಗಿ ಉಳುಮೆ ಮಾಡುವ ನೆಲ ಅದು, ಅಂಚಿಗೆ ಸ್ವಲ್ಪ ಮುಂಚೆ ನೇಗಿಲು ಹಾಕಿದಂತಾಯಿತು ಅಷ್ಟೆ.

5 ಅಡಿಯ ರೋಟವೇಟರ್ ಆದರೆ ಅಕ್ಕಪಕ್ಕ ಎರಡು ಸಾಲು, ಒಂದೊಂದು ಸಾಲಿಗೆ ಎರಡು ಸಲ. ಒಟ್ಟು 2 ಕಿಲೋಮೀಟರ್ ಓಟ, ಮೂಲೆ ತಿರುಗುವುದೂ ಸೇರಿ ಒಂದು ತಾಸಿನ ಕೆಲಸ. ಒಂದೇ ಸಲಕ್ಕೆ ಮುಗಿಸುವವರು ಇಲ್ಲೇ ಎಡವುತ್ತಾರೆ. ರೋಟವೇಟರ್ ಮೇಲಿನ ನಾಲ್ಕಾರು ಇಂಚು ಮಣ್ಣನ್ನು ಕಲಸುತ್ತದೆ, ಮಗುಚುವುದಿಲ್ಲ. ತುಂಡಾದ ಹುಲ್ಲು ಅರ್ಧದಷ್ಟು ಮೇಲೇ ಉಳಿಯುತ್ತದೆ. ದೂರದಿಂದ ನೋಡಿದರೆ ಕೆಂಪು ನೆಲ, ಬಗ್ಗಿ ನೋಡಿದರೆ ತರಗಿನ ಹಾಸು. ಬೆಂಕಿ ಅದರ ಮೇಲೆ ಮೆಲ್ಲಗೆ ಹರಿದು ಆಚೆ ದಾಟುತ್ತದೆ. ಒಂದು ವಾರ ಬಿಟ್ಟು ಎರಡನೇ ಸಲ ಹೊಡೆದು, ಕೊನೆಗೆ ಕುಂಟೆ ಎಳೆದು ಕಸವನ್ನು ಹೊಲದೊಳಕ್ಕೆ ತಳ್ಳಬೇಕು. ಬದುವಿನ ಕಡೆಗೆ ತಳ್ಳಿದರೆ ಬೆಂಕಿಗೆ ನಾವೇ ಮೆಟ್ಟಿಲು ಕಟ್ಟಿದಂತೆ.

ಮಗುಚಿ ಹಾಕುವ ಡಿಸ್ಕ್ ನೇಗಿಲೋ ಬಲರಾಮ ನೇಗಿಲೋ ಸಿಕ್ಕರೆ ಇನ್ನೂ ಒಳ್ಳೆಯದು, ಒಂದೇ ಸಲಕ್ಕೆ ಹುಲ್ಲು ಮಣ್ಣಿನಡಿ ಹೋಗುತ್ತದೆ. ಒಂಬತ್ತು ಹಲ್ಲಿನ ಕಲ್ಟಿವೇಟರ್ ಮಾತ್ರ ಈ ಕೆಲಸಕ್ಕೆ ಬೇಡ. ಹಲ್ಲು ಹಲ್ಲಿನ ನಡುವೆ ಹುಲ್ಲಿನ ಕಂತೆ ನಿಂತೇ ಇರುತ್ತದೆ.

ಎರೆಯಲ್ಲಿ ತೊಡಕು ಬೇರೆ ಥರ. ನೆಲ ಪೂರ್ತಿ ಒಣಗಿದ ಮೇಲೆ ಉತ್ತರೆ ತಲೆಗಾತ್ರದ ಹೆಂಟೆ ಏಳುತ್ತದೆ, ಹೆಂಟೆಗಳ ಸಂದಿಯಲ್ಲಿ, ಬಿರುಕಿನೊಳಗೆ ಹುಲ್ಲಿನ ಬುಡ ಉಳಿದು ಹೊಗೆಯಾಡುತ್ತದೆ. ಹಿಂಗಾರು ಮಳೆಯ ಹದ ಆರುವ ಮೊದಲೇ, ಕಾರ್ತಿಕದಲ್ಲೇ ಉತ್ತುಬಿಡಿ. ಮಸಾರಿಯಲ್ಲಿ ಬೆಣಚುಕಲ್ಲಿನ ಕಾಟ. ರೋಟವೇಟರ್ ಬ್ಲೇಡು ಬೆಣಚುಕಲ್ಲಿಗೆ ಬಡಿದರೆ ಬೋಲ್ಟು ತುಂಡಾಗುವುದಷ್ಟೇ ಅಲ್ಲ, ಕಿಡಿಯೂ ಹಾರುತ್ತದೆ. ಬೆಂಕಿ ತಡೆಯಲು ಹೋದ ಯಂತ್ರವೇ ಬೆಂಕಿ ಹಚ್ಚಬಾರದು. ಒಣಹುಲ್ಲಿನಲ್ಲಿ ಯಂತ್ರದ ಕೆಲಸ ಇಬ್ಬನಿ ಆರುವ ಮೊದಲು, ಬೆಳಗ್ಗೆ ಒಂಬತ್ತರೊಳಗೆ ಮುಗಿಯಬೇಕು. ಟ್ರ್ಯಾಕ್ಟರಿನಲ್ಲಿ ನೀರು ತುಂಬಿದ 16 ಲೀಟರಿನ ಸ್ಪ್ರೇಯರ್ ಒಂದು ಇರಲೇಬೇಕು. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ನೇರವಾಗಿ ಉತ್ತರೆ ಮುಂದಿನ ಮಳೆಗೆ ಪಟ್ಟಿಯೇ ಕೊರಕಲಾಗುತ್ತದೆ. ಮುಂಗಾರಿಗೆ ಮೊದಲು 10–15 ಮೀಟರಿಗೊಂದು ಅಡ್ಡ ಒಡ್ಡು ಹಾಕಿ.

ಕೊಯ್ದ ಪಟ್ಟಿ

ಕಲ್ಲುಬದು, ಗುಡ್ಡದ ಬುಡ, ಅಡಿಕೆ–ತೆಂಗಿನ ತೋಟದ ಬೇಲಿಯಂಚು, ಇಲ್ಲೆಲ್ಲ ಟ್ರ್ಯಾಕ್ಟರ್ ಹೋಗುವುದಿಲ್ಲ. ಅಲ್ಲಿಗೆ ಬ್ರಶ್ ಕಟರ್. ಕೆಲಸ ಚುರುಕು, ನೋಡಲು ಅಚ್ಚುಕಟ್ಟು. ಆದರೆ ಯಂತ್ರ ಬುಡದಲ್ಲಿ ಎರಡು ಮೂರು ಇಂಚು ಕೂಳೆ ಬಿಡುತ್ತದೆ, ಕತ್ತರಿಸಿದ ಹುಲ್ಲು ಅಲ್ಲೇ ಬೀಳುತ್ತದೆ. ಅದನ್ನು ಗೋರಿ ತೆಗೆಯದಿದ್ದರೆ ಅದು ಬೆಂಕಿಪಟ್ಟಿ ಆಗಲಿಲ್ಲ, ಜ್ವಾಲೆ ಗಿಡ್ಡವಾಗುತ್ತದೆ ಅಷ್ಟೆ. ಗೋರುವುದು ಕೊಯ್ಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸ. ಒಬ್ಬ ಕೊಯ್ದರೆ ಹಿಂದೆ ಇಬ್ಬರು ಹಲುಬೆ ಹಿಡಿದಿರಬೇಕು. ಗೋರಿದ ಹುಲ್ಲು ದನಕ್ಕೋ ದಾಳಿಂಬೆ ಗಿಡದ ಬುಡಕ್ಕೋ ಆಗುತ್ತದೆ ಎನ್ನುವುದು ಲಾಭ. ಹೊದಿಕೆ ಹಾಕಿದ ತೋಟಕ್ಕೆ ಪಟ್ಟಿ ಇನ್ನಷ್ಟು ಅಗಲ ಬೇಕು ಎನ್ನುವುದನ್ನು ಮರೆಯಬಾರದು. ಹೊದಿಕೆಗೆ ಕಿಡಿ ಬಿದ್ದರೆ ಮೊದಲು ಹೋಗುವುದು ಡ್ರಿಪ್ ಪೈಪು.

ಕಲ್ಲಿರುವ ಕಡೆ ಲೋಹದ ಬ್ಲೇಡು ಬೇಡ, ನೈಲಾನ್ ದಾರ ಕಟ್ಟಿ. ಬಾದೆ ಹುಲ್ಲಿನ ದಪ್ಪ ಬುಡಕ್ಕೆ ದಾರ ತಡೆಯುವುದಿಲ್ಲ, ಅಲ್ಲಿಗೆ ಕುಡುಗೋಲೇ ಸರಿ. ಸೈಲೆನ್ಸರ್ ಕಾದ ಯಂತ್ರವನ್ನು ಒಣಹುಲ್ಲಿನ ಮೇಲೆ ಇಡಬಾರದು. ಪೆಟ್ರೋಲ್ ತುಂಬುವುದು ಬರಿನೆಲದಲ್ಲಿ, ಯಂತ್ರ ಹತ್ತು ನಿಮಿಷ ಆರಿದ ಮೇಲೆ.

ಕೊಯ್ದು ಗೋರಿದ ಮೇಲೆ ಹೊಲದ ಕಡೆಯ ಒಂದು ಮೀಟರನ್ನಾದರೂ ಸನಿಕೆಯಿಂದ ಕೆತ್ತಿ ಮಣ್ಣು ಕಾಣಿಸಿ. ಕೊಯ್ದ 3 ಮೀಟರಿಗಿಂತ ಕೆತ್ತಿದ ಆ ಒಂದು ಮೀಟರ್ ಹೆಚ್ಚು ಬೆಲೆಯದ್ದು: ಗಿಡ್ಡ ಜ್ವಾಲೆ ಅಲ್ಲಿಗೆ ಬಂದು ತಾನಾಗಿ ಸಾಯುತ್ತದೆ. ಪೂರ್ತಿ ಪಟ್ಟಿಯನ್ನು ಕೈಯಿಂದಲೇ ಕೆತ್ತುವುದು ಎಲ್ಲಕ್ಕಿಂತ ನಂಬಿಕೆಯದ್ದು, ಎಲ್ಲಕ್ಕಿಂತ ದುಬಾರಿಯದ್ದೂ ಹೌದು. ಒಣಗಿದ ಗರಸು ನೆಲದಲ್ಲಿ ಒಂದು ಆಳು ದಿನಕ್ಕೆ ಒಂದೂವರೆ ಗುಂಟೆ ಕೆತ್ತಿದರೆ ಹೆಚ್ಚು.

ಸುಟ್ಟ ಪಟ್ಟಿ

ಇದು ಹಳೆಯ ಪದ್ಧತಿ. ಎರಡು ಗೆರೆ ಕೆತ್ತಿ ನಡುವಿನ ಹುಲ್ಲನ್ನು ಮುಂಚಿತವಾಗಿ ಸುಡುವುದು. ಅರಣ್ಯ ಇಲಾಖೆಯ ಬೆಂಕಿರೇಖೆಯೂ ಇದೇ ಬಗೆಯದು. ಸರಿಯಾಗಿ ಸುಟ್ಟ 5 ಮೀಟರ್ ಪಟ್ಟಿಗೆ ಸಮನಾದದ್ದಿಲ್ಲ, ಏಕೆಂದರೆ ಅಲ್ಲಿ ಉರಿಯಲು ಏನೂ ಉಳಿದಿರುವುದಿಲ್ಲ. ಇಷ್ಟಾದರೂ ಒಬ್ಬಂಟಿ ರೈತನಿಗೆ ಇದನ್ನು ನಾವು ಹೇಳುವುದಿಲ್ಲ.

ಮಾಡುವುದಾದರೆ ಕ್ರಮ ಹೀಗೆ. ಒಂದೊಂದು ಮೀಟರಿನ ಎರಡು ಗೆರೆ, ನಡುವೆ 4–5 ಮೀಟರ್. ಕನಿಷ್ಠ ಆರು ಜನ, ತುಂಬಿದ ಎರಡು ಸ್ಪ್ರೇಯರ್, ಹತ್ತಿರದಲ್ಲೇ 200 ಲೀಟರಿನ ಡ್ರಮ್ಮು. ಎಲೆ ಅಲುಗುವಷ್ಟು, ಆದರೆ ಧೂಳು ಏಳದಷ್ಟು, ಒಂದೇ ದಿಕ್ಕಿನ ಗಾಳಿ ಇರಬೇಕು. ಗಾಳಿ ಹೋಗುವ ಕಡೆಯ ಅಂಚಿಗೆ ಮೊದಲು ಹಚ್ಚಬೇಕು. ಆಗ ಬೆಂಕಿ ಗಾಳಿಗೆ ಎದುರಾಗಿ, ಹಿಂದೆ ಹಿಂದೆ, ಮೆಲ್ಲಗೆ ಉರಿಯುತ್ತದೆ. ಗಾಳಿ ಬರುವ ಕಡೆ ಹಚ್ಚಿದರೆ ಅದು ಓಡುತ್ತದೆ, ಒಂದು ಮೀಟರಿನ ಗೆರೆ ಅದಕ್ಕೆ ಲೆಕ್ಕವಿಲ್ಲ. ಒಮ್ಮೆಗೆ 20 ಮೀಟರ್ ಮಾತ್ರ ಹಚ್ಚಿ, ಅದು ಆರಿದ ಮೇಲೆ ಮುಂದಿನದು. ಸಂಜೆ ಗಾಳಿ ಬಿದ್ದ ಮೇಲೆ ಶುರುಮಾಡಿ. ಬೆಳಗ್ಗೆ ಶುರುಮಾಡಿದರೆ ಕೆಲಸ ಮುಗಿಯುವ ಮುಂಚೆ ಬಿಸಿಲೇರಿ ಗಾಳಿ ಎದ್ದುಬಿಡುತ್ತದೆ.

ಅನಾಹುತ ಆಗುವುದು ಹಚ್ಚುವಾಗಲ್ಲ, ಮರುದಿನ. ದನ ಮೇಯುವ ಕಾವಲು ನೆಲದಲ್ಲಿ ಒಣಗಿದ ಸಗಣಿ ಬೇಕಾದಷ್ಟು. ಬೆಂಕಿ ಹಾದುಹೋದ ಮೇಲೆ ಅದು ಜ್ವಾಲೆಯಿಲ್ಲದೆ, ಹೆಚ್ಚು ಹೊಗೆಯೂ ಇಲ್ಲದೆ ಒಳಗೊಳಗೇ ಕೆಂಡವಾಗಿರುತ್ತದೆ. ಜಾಲಿಯ ಮೋಟು, ಒಣಗಿದ ಕತ್ತಾಳೆಯ ಬುಡವೂ ಅಷ್ಟೆ. ರಾತ್ರಿಯ ಚಳಿಯಲ್ಲಿ ಸುಮ್ಮನಿದ್ದದ್ದು ಮರುದಿನ ಹನ್ನೊಂದರ ಗಾಳಿಗೆ ಕೆದರಿಕೊಂಡು ಪಟ್ಟಿಯಾಚೆ ಹಾರುತ್ತದೆ. ಆದ್ದರಿಂದ ಪ್ರತಿ ಬೆರಣಿ, ಪ್ರತಿ ಮೋಟನ್ನು ಹೊರಳಿಸಿ ನೀರು ಹಾಕಿ, ಮುಂಗೈ ಹತ್ತಿರ ಹಿಡಿದು ಬಿಸಿ ನೋಡಬೇಕು. ಎರಡು ಹಗಲು ಕಾವಲು ಇರಬೇಕು. ಈ ಎರಡು ಹಗಲಿನ ಕೂಲಿ ಸೇರಿಸಿ ಲೆಕ್ಕ ಹಾಕಿದರೆ ಸುಟ್ಟ ಪಟ್ಟಿ ಅಗ್ಗ ಎಂಬ ಮಾತು ನಿಲ್ಲುವುದಿಲ್ಲ.

ಕಾನೂನೂ ಇದೆ. ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ, ಜೋಗಿಮಟ್ಟಿ ವನ್ಯಧಾಮದಂಥ ಕಡೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಅಪರಾಧ. ಕಾಡಂಚಿನ ಹೊಲದವರು ತಾವಾಗಿ ಕಡ್ಡಿ ಗೀರದೆ, ಇಲಾಖೆಯವರು ತಮ್ಮ ರೇಖೆ ಮಾಡುವ ದಿನ ಕೇಳಿಕೊಂಡು ಅದಕ್ಕೆ ಹೊಂದಿಸಿ ತಮ್ಮ ಪಟ್ಟಿ ಉಳುವುದು ಸರಿ. ಕಾನೂನು ಇಲ್ಲದಿದ್ದರೂ ನಮಗೆ ಮನಸ್ಸಿಲ್ಲ. ಬಾನಾಡಿ, ಕೌಜುಗ ಗೂಡು ಕಟ್ಟುವುದು ಈ ಹುಲ್ಲಿನ ಬುಡದಲ್ಲೇ. ಕೃಷ್ಣಮೃಗಕ್ಕೂ ಕುರಿಗೂ ಬೇಸಿಗೆಯ ಮೇವು ಅದೇ.

ಕುರಿ ಮತ್ತು ಕಳೆನಾಶಕ

ಕುರಿಮಂದೆಯಿಂದ ಮೇಯಿಸಿದ ಪಟ್ಟಿ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿ ಬಂತು, ಒಂದು ಷರತ್ತಿನ ಮೇಲೆ. ಹಂಚಿಹುಲ್ಲು ತೆನೆಗಟ್ಟುವ ಮೊದಲು, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮೇಯಿಸಬೇಕು. ಆಮೇಲೆ ಅದರ ಮುಳ್ಳುಬೀಜ ಉಣ್ಣೆಗೆ, ಕಣ್ಣಿಗೆ ಚುಚ್ಚುವುದರಿಂದ ಕುರಿ ಬಾಯಿ ಹಾಕುವುದಿಲ್ಲ, ಕುರಿಗಾರರೂ ಒಪ್ಪುವುದಿಲ್ಲ. ಬಲಿತ ಬಾದೆಯನ್ನಂತೂ ಮುಟ್ಟುವುದೇ ಇಲ್ಲ. ಕೊಯ್ಲಾದ ಮೇಲೆ ಬದುವಿನ ಒಳಮಗ್ಗುಲಿಗೆ ಮಂದೆ ತರುಬಿಸಿ, ಎರಡು ರಾತ್ರಿಗೊಮ್ಮೆ ಜಾಗ ಸರಿಸುತ್ತ ಹೋದರೆ ತುಳಿತಕ್ಕೆ ಕೂಳೆ ನೆಲಕಚ್ಚುತ್ತದೆ, ಹೊಲಕ್ಕೆ ಗೊಬ್ಬರವೂ ಬೀಳುತ್ತದೆ. ಪೂರ್ತಿ ಪಟ್ಟಿ ಇದರಿಂದ ಆಗದು. ಆದರೆ ಇದಾದ ಮೇಲೆ ಕುಂಟೆ ಹೊಡೆಯುವ ಕೆಲಸ ಹಗುರ.

ಕಳೆನಾಶಕ ಬೇಡವೇ ಬೇಡ. ಅದು ಹುಲ್ಲನ್ನು ಕೊಲ್ಲುತ್ತದೆ, ತೆಗೆಯುವುದಿಲ್ಲ. ಅಕ್ಟೋಬರಿನಲ್ಲಿ ಹೊಡೆದರೆ ಡಿಸೆಂಬರಿಗೆ ಒಣಗಬೇಕಾದ ಹುಲ್ಲು ನವೆಂಬರಿಗೇ ಒಣಗಿ ನಿಲ್ಲುತ್ತದೆ. ದುಡ್ಡು ಕೊಟ್ಟು ಬೆಂಕಿಯ ಕಾಲವನ್ನು ಒಂದು ತಿಂಗಳು ಮೊದಲೇ ಕರೆದಂತೆ.

ಬೆಂಕಿ ಬಂದೇಬಿಟ್ಟರೆ

ಆರಿಸುವ ಸಾಧನಗಳಲ್ಲಿ ಹಸಿಸೊಪ್ಪಿನ ಕೊಂಬೆಯನ್ನು ಮೀರಿಸಿದ್ದು ಸಿಕ್ಕಿಲ್ಲ. ಬೇವಿಗಿಂತ ಹೊಂಗೆ ವಾಸಿ, ಎಲೆ ಅಗಲ, ಬೇಗ ಉದುರದು. ಎತ್ತಿ ಬಡಿದರೆ ಕಿಡಿ ಹಾರುತ್ತದೆ. ಜ್ವಾಲೆಯ ಬುಡಕ್ಕೆ ಒತ್ತಿ, ಸುಟ್ಟ ನೆಲದ ಕಡೆಗೆ ಎಳೆಯಬೇಕು. ಒದ್ದೆ ಗೋಣಿಚೀಲ ಐದು ನಿಮಿಷ ಚೆನ್ನ, ಆಮೇಲೆ ಭಾರ, ಒಣಗಿದರೆ ಅದೇ ಹತ್ತುತ್ತದೆ. 16 ಲೀಟರಿನ ಸ್ಪ್ರೇಯರ್ ಓಡುವ ಬೆಂಕಿಗೆ ಸಾಲದು, ಅದರ ಜಾಗ ಹಿಂದೆ ಉಳಿದ ಕೆಂಡಕ್ಕೆ. ಎಲೆ ಊದುವ ಬ್ಲೋವರ್ ತರಗು ಗುಡಿಸಲು ಒಳ್ಳೆಯದು, ಉರಿಯ ಮುಂದೆ ಅನುಭವಸ್ಥರ ಕೈಲಿ ಮಾತ್ರ. ಎದೆಯೆತ್ತರದ ಜ್ವಾಲೆಗೆ ಯಾವುದರಿಂದಲೂ ಎದುರು ನಿಲ್ಲಬಾರದು. ಪಕ್ಕದಿಂದ, ಸುಟ್ಟ ನೆಲದಲ್ಲಿ ನಿಂತು ಕೆಲಸ ಮಾಡಿ. ಪಾಲಿಯೆಸ್ಟರ್ ಬಟ್ಟೆ ಬೇಡ. ಕೊಂಬೆ ಮುರಿಯುವ ಮೊದಲೇ ಒಬ್ಬರು 112ಕ್ಕೋ 101ಕ್ಕೋ ಕರೆ ಮಾಡಲಿ. ಗಾಳಿಗೆ ತಂತಿ ತಂತಿಗೆ ತಾಗಿ ಕಿಡಿ ಉದುರುವ ಕಡೆ ಇದ್ದರೆ ಬೆಂಕಿ ಹತ್ತುವವರೆಗೆ ಕಾಯದೆ 1912ಕ್ಕೆ ದೂರು ಕೊಡಿ.

ಬಣವೆಗೆ ಬೇರೆಯೇ ಪಟ್ಟಿ ಬೇಕು, ಹೊಲದ ಪಟ್ಟಿಯನ್ನು ನಂಬಬಾರದು. ಸುತ್ತ 5 ಮೀಟರ್ ಕೆತ್ತಿದ ನೆಲ, ಮನೆಯಿಂದ 15 ಮೀಟರ್ ದೂರ, ಮೇಲೆ ತಂತಿ ಇರಬಾರದು. ಒಂದೇ ದೊಡ್ಡ ಬಣವೆಯ ಬದಲು ದೂರ ದೂರ ಎರಡು ಒಟ್ಟಿದರೆ ಒಂದಾದರೂ ಉಳಿಯುತ್ತದೆ. ಮೆಕ್ಕೆಜೋಳ ಬಿಡಿಸಿದ ಕಣದ ರವದಿಯ ಗುಡ್ಡೆಯನ್ನು ಬಣವೆಯ ಮೂಡಣಕ್ಕೆ ಬಿಡಬೇಡಿ. ಹತ್ತಿದ ರವದಿ ಕಾಗದದಂತೆ ಹಾರಿ ಬಣವೆಯ ನೆತ್ತಿಗೆ ಬೀಳುತ್ತದೆ.

ಹತ್ತದ ರವದಿಯೂ ಹಾರುತ್ತದೆ. ನವೆಂಬರಿನಲ್ಲಿ ಮಾಡಿದ ಪಟ್ಟಿ ಸಂಕ್ರಾಂತಿ ಹೊತ್ತಿಗೆ ಅಕ್ಕಪಕ್ಕದ ಹೊಲದ ರವದಿ, ಸೋಗೆ, ತರಗಿನಿಂದ ಮತ್ತೆ ಮುಚ್ಚಿರುತ್ತದೆ, ಅದರಲ್ಲೂ ಬದುವಿನ ಮಗ್ಗುಲಲ್ಲಿ ಗಾಳಿ ಸುಳಿಯುವ ಕಡೆ. ಹದಿನೈದು ದಿನಕ್ಕೊಮ್ಮೆ ಸುತ್ತು ಹೊಡೆದು, ಅಂಗೈ ಅಗಲಕ್ಕಿಂತ ಹೆಚ್ಚು ತರಗು ಒಟ್ಟಾಗಿ ಕಂಡಲ್ಲೆಲ್ಲ ಗೋರಿ ತೆಗೆಯಿರಿ. ಸಂಕ್ರಾಂತಿ ಮುಗಿದ ವಾರ ಕುಂಟೆಯನ್ನು ಇನ್ನೊಮ್ಮೆ ಎಳೆಯಿರಿ.