ಒಂದು ಕ್ಯಾಬಿನೆಟ್, ಮೂರು ಕಂಟ್ರೋಲ್ ಪ್ಯಾನೆಲ್: ಆಡಿ ನೋಡಿದ್ಮೇಲೆ ಯಾವುದು ಉಳೀತು

ಮನೇಲೇ ಮಾಡಿದ ಒಂದೇ ಆರ್ಕೇಡ್ ಕ್ಯಾಬಿನೆಟ್‌ಗೆ (ನಿಂತ್ಕೊಂಡು ವಿಡಿಯೋ ಗೇಮ್ ಆಡೋ ಪೆಟ್ಟಿಗೆ) ಇದುವರೆಗೆ ಮೂರು ಕಂಟ್ರೋಲ್ ಪ್ಯಾನೆಲ್, ಅಂದ್ರೆ ಸ್ಟಿಕ್, ಬಟನ್ ಕೂರಿಸೋ ಹಲಗೆ, ಕೊಯ್ದಿದೀನಿ. ಮೊದಲನೇದು "ಎಲ್ಲಾ ಗೇಮೂ ಇದರಲ್ಲೇ ಆಡ್ಬೇಕು" ಅನ್ನೋ ಹುಚ್ಚಲ್ಲಿ ಮಾಡಿದ್ದು: ಎರಡು ಸ್ಟಿಕ್, ತಲಾ ಆರು ಬಟನ್, ಮಧ್ಯದಲ್ಲಿ ಟ್ರ್ಯಾಕ್‌ಬಾಲ್ (ಅಂಗೈಯಲ್ಲಿ ಉರುಳಿಸೋ ಚೆಂಡು), ಮೇಲೊಂದು ಸ್ಪಿನ್ನರ್ (ತಿರುಗಿಸೋ ಗುಬುಟು). ಎರಡನೇದರಲ್ಲಿ ಎರಡು ಸ್ಟಿಕ್, ಹನ್ನೆರಡು ಬಟನ್, ಸ್ಟಾರ್ಟ್, ಕಾಯಿನ್, ಮುಗೀತು. ಮೂರನೇದು ಬಿಚ್ಚಿ ಬದಲಾಯಿಸೋ ಥರದ್ದು, ಅಂದ್ರೆ ಹಲಗೆನೇ ಎರಡು, ಬೇಕಾದ್ದನ್ನ ಕೂರಿಸ್ಕೋಬೋದು.

ಮೊದಲನೇದು ನೋಡೋಕೆ ವಿಮಾನದ ಕಾಕ್‌ಪಿಟ್ ಥರ ಇತ್ತು, ಬಂದೋರೆಲ್ಲ ಬಾಯಿ ಬಿಟ್ಕೊಂಡು ನೋಡೋರು, ಆದ್ರೆ ಆಡೋಕೆ ನಿಂತ್ರೆ ಎತ್ತು ಏರಿಗೆ ಕೋಣ ನೀರಿಗೆ. ಟ್ರ್ಯಾಕ್‌ಬಾಲ್ ಮಧ್ಯದ ಜಾಗ ತಿಂದಿದ್ರಿಂದ ಸ್ಟಿಕ್‌ಗಳು ಎರಡೂ ಅಂಚಿಗೆ ಹೋದ್ವು, ಪ್ಯಾನೆಲ್ ಕ್ಯಾಬಿನೆಟ್‌ಗಿಂತ ಅಗಲ ಆಯ್ತು, ಒಬ್ಬನೇ ಆಡೋವಾಗ ಸ್ಕ್ರೀನ್‌ನ ಓರೆಯಾಗಿ ನೋಡ್ಕೊಂಡು ನಿಲ್ಬೇಕು, ಅರ್ಧ ಗಂಟೆಗೆ ಕುತ್ತಿಗೆ ಹಿಡ್ಕೊಳ್ತಿತ್ತು. ಸ್ಪಿನ್ನರ್ ಮೇಲಿನ ಸಾಲಲ್ಲಿ ಇಟ್ಟಿದ್ದೆ, ಆರ್ಕನಾಯ್ಡ್ ಆಡೋಕೆ ಕೈ ಚಾಚಿದ್ರೆ ಮಣಿಕಟ್ಟು ಸೀದಾ ಸ್ಟಿಕ್‌ನ ಗುಂಡಿನ ಮೇಲೆ. ಒಳ್ಳೇದು ಅಂತ ಹೇಳೋದಾದ್ರೆ ಒಂದೇ: ಸೆಂಟಿಪೀಡ್, ಮಿಸೈಲ್ ಕಮಾಂಡ್ ಎರಡೂ ನಿಜವಾದ ಟ್ರ್ಯಾಕ್‌ಬಾಲ್‌ನಲ್ಲಿ ಆಡಿದ್ಮೇಲೆ ಸ್ಟಿಕ್‌ನಲ್ಲಿ ಆಡೋಕೆ ಮನಸ್ಸೇ ಬರಲ್ಲ.

ಈಗ ಸ್ಟಿಕ್ ವಿಷಯ, ನಾನು ಜಾಸ್ತಿ ಸಮಯ ಕಳೆದಿದ್ದು ಇಲ್ಲೇ. ಸಾನ್ವಾ ಕಂಪನಿಯ ಜೆಎಲ್‌ಎಫ್ ಅನ್ನೋ ಜಪಾನಿ ಸ್ಟಿಕ್ ಒಂದು ಕಡೆ, ಹ್ಯಾಪ್ ಥರದ ಉದ್ದ ಹಿಡಿಯ ಅಮೆರಿಕನ್ ಸ್ಟಿಕ್ ಇನ್ನೊಂದು ಕಡೆ ಹಾಕಿ ವಾರಗಟ್ಟಲೆ ಆಡಿದೆ. ಜೆಎಲ್‌ಎಫ್ ಸ್ಪ್ರಿಂಗ್ ಮೆದು, ಎರಡು ಬೆರಳಲ್ಲಿ ತಳ್ಳಿದ್ರೆ ಸಾಕು, ಚೌಕ ಗೇಟ್ (ಸ್ಟಿಕ್ ಎಲ್ಲಿವರೆಗೆ ಹೋಗ್ಬೋದು ಅಂತ ತಡೆಯೋ ತಳದ ಚೌಕಟ್ಟು) ಇರೋದ್ರಿಂದ ಮೂಲೆಗೆ ತಳ್ಳಿದ್ರೆ ಡಯಾಗನಲ್ ಕರೆಕ್ಟಾಗಿ ಸಿಗುತ್ತೆ, ಸ್ಟ್ರೀಟ್ ಫೈಟರ್ 2ರ ಮೂವ್‌ಗಳಿಗೆ ನನಗೆ ಇದೇ ಇಷ್ಟ. ಅಮೆರಿಕನ್ ಸ್ಟಿಕ್ ಬಿಗಿ, ಮುಷ್ಟಿ ಕಟ್ಟಿ ಹಿಡೀಬೇಕು, ಆದ್ರೆ ಮಕ್ಕಳು ಜೋತುಬಿದ್ರೂ ಜಪ್ಪಯ್ಯ ಅನ್ನಲ್ಲ. ತೊಂದ್ರೆ ಏನಂದ್ರೆ ಜೆಎಲ್‌ಎಫ್ ಇರೋದೇ ತೆಳು ಲೋಹದ ಪ್ಯಾನೆಲ್‌ಗೆ, 18 ಮಿಮೀ ಪ್ಲೈವುಡ್‌ಗೆ ಹಾಗೇ ಬಿಗಿದ್ರೆ ಗುಂಡು ಹಲಗೆಗೆ ಅಂಟ್ಕೊಂಡ ಹಾಗೆ ಕೂತಿರುತ್ತೆ. ಕೆಳಗಿಂದ ರೌಟರ್‌ನಲ್ಲಿ ಗುಂಡಿ ತೋಡಿ ಸ್ಟಿಕ್ ಮೇಲಕ್ಕೆ ತರ್ಬೇಕು. ನಾನು ತೋಡಿದೆ, ಸ್ವಲ್ಪ ಜಾಸ್ತೀನೇ ತೋಡಿದೆ, ಅದೇ ಹಳೇ ಸ್ಕ್ರೂ ಹಾಕಿ ತಿರುಗಿಸ್ತಾ ಇದ್ರೆ ಮೇಲ್ಗಡೆ ಆರ್ಟ್‌ವರ್ಕ್ ಸ್ಟಿಕ್ಕರ್ ಕೆಳಗೆ ಸಣ್ಣ ಬೊಕ್ಕೆ ಎದ್ದಂಗೆ ಎದ್ದಿತು, ಏನಪ್ಪಾ ಇದು ಅಂತ ಬೆರಳಿಟ್ರೆ ಚುಚ್ತು, ಸ್ಕ್ರೂ ತುದಿ! ಆ ಗುರುತು ಈಗಲೂ ಇದೆ. ಅಮೆರಿಕನ್ ಸ್ಟಿಕ್‌ಗೆ ಈ ಗೋಳಿಲ್ಲ, ಮರದ ಪ್ಯಾನೆಲ್‌ಗೇ ಅಂತ ಹಿಡಿ ಉದ್ದ ಇರುತ್ತೆ.

ಇನ್ನೊಂದು, 4-ವೇ ಮತ್ತೆ 8-ವೇ, ಅಂದ್ರೆ ಸ್ಟಿಕ್ ನಾಲ್ಕೇ ದಿಕ್ಕಿಗೆ ಹೋಗುತ್ತಾ, ಇಲ್ಲಾ ಡಯಾಗನಲ್ ಸೇರಿ ಎಂಟು ದಿಕ್ಕಿಗಾ ಅನ್ನೋದು. ಇದನ್ನ ಸುಮಾರು ಜನ ಲೆಕ್ಕಕ್ಕೇ ತಗೊಳಲ್ಲ. 1980ರ ಪ್ಯಾಕ್‌ಮ್ಯಾನ್, 1981ರ ಡಾಂಕಿ ಕಾಂಗ್ ಎರಡೂ 4-ವೇ ಸ್ಟಿಕ್‌ಗೆ ಮಾಡಿದ ಗೇಮ್‌ಗಳು. 8-ವೇನಲ್ಲಿ ಆಡಿದ್ರೆ ತಿರುವಲ್ಲಿ ಎರಡು ಸ್ವಿಚ್ ಒಟ್ಟಿಗೆ ಒತ್ಕೊಳುತ್ತೆ, ನಾವು ಮೇಲೆ ಅಂತ ತಳ್ಳಿದ್ರೂ ಗೇಮ್‌ಗೆ ಅರ್ಥ ಆಗಲ್ಲ, ದೆವ್ವ ಬಂದು ನುಂಗುತ್ತೆ, ನಾವು ನಮ್ಮ ಕೈಯನ್ನೇ ಬೈಕೊಳ್ತೀವಿ. ಜೆಎಲ್‌ಎಫ್‌ನಲ್ಲಿ ತಳದ ಗೇಟ್ ತಿರುಗಿಸಿ ಕೂರಿಸಿದ್ರೆ 4-ವೇ ಆಗುತ್ತೆ ನಿಜ, ಆದ್ರೆ ಪ್ರತಿ ಸಲ ಪ್ಯಾನೆಲ್ ಎತ್ತಿ ಕೆಳಗೆ ಕೈ ಹಾಕೋ ತಾಳ್ಮೆ ಯಾರಿಗಿದೆ? ಎರಡನೇ ಪ್ಯಾನೆಲ್‌ಗೆ ಆಮೇಲೆ ಮಧ್ಯ ಮೇಲ್ಗಡೆ ಒಂದು ಪುಟ್ಟ 4-ವೇ ಸ್ಟಿಕ್ ಸೇರಿಸಿದೆ, ಅದಕ್ಕೆ ಬಟನ್ ಒಂದೇ. ಇಡೀ ಪ್ರಾಜೆಕ್ಟ್‌ನಲ್ಲಿ ನಾನು ಮಾಡಿದ ಬುದ್ಧಿವಂತಿಕೆ ಕೆಲಸ ಇದೊಂದೇ ಅನ್ಸುತ್ತೆ.

ಬಟನ್ ಜೋಡಣೆ: ಮೊದಲನೇದರಲ್ಲಿ ಸ್ಕೇಲ್ ಇಟ್ಟು ಮೂರು ಮೂರರ ಎರಡು ನೇರ ಸಾಲು, ನೋಡೋಕೆ ಚೆಂದ, ಕೈಗೆ ಹಿಂಸೆ. ಎರಡನೇದಕ್ಕೆ ರಟ್ಟು ತಗೊಂಡು ಕ್ಯಾಬಿನೆಟ್ ಮೇಲಿಟ್ಟು, ನಿಂತ್ಕೊಂಡು, ಕಣ್ಣು ಮುಚ್ಚಿ ಕೈ ಇಟ್ಟೆ, ಬೆರಳ ತುದಿ ಎಲ್ಲೆಲ್ಲಿ ಬಿತ್ತೋ ಅಲ್ಲಿ ಸ್ಕೆಚ್ ಪೆನ್ನಲ್ಲಿ ಚುಕ್ಕೆ. ತೋರುಬೆರಳಿನ ಚುಕ್ಕೆ ಕೆಳಗೆ ಬಿತ್ತು, ನಡುಬೆರಳಿಂದು ಮೇಲೆ, ಉಂಗುರದ ಬೆರಳಿಂದು ಚೂರು ಇಳಿದು, ನೇರ ಗೆರೆ ಅನ್ನೋದು ಕೈಯಲ್ಲಿ ಇಲ್ವೇ ಇಲ್ಲ. ಆ ಚುಕ್ಕೆಗಳ ಮೇಲೇ 36 ಮಿಮೀ ಅಂತರ ಇಟ್ಟು ತೂತು ಕೊರೆದೆ. 30 ಮಿಮೀ ಸ್ನ್ಯಾಪ್-ಇನ್ (ಒತ್ತಿದ್ರೆ ಕ್ಲಿಪ್‌ನಲ್ಲಿ ಕೂರೋ) ಬಟನ್ ದಪ್ಪ ಹಲಗೆಯಲ್ಲಿ ಕಚ್ಕೊಳಲ್ಲ, ಎರಡು ದಿನಕ್ಕೆ ಎದ್ದು ಬರ್ತಿತ್ತು, ಸ್ಕ್ರೂ ನಟ್ ಇರೋದನ್ನ ಹಾಕಿದ್ಮೇಲೆ ಆ ತಲೆನೋವು ಇಲ್ಲ. ಮೇಲಿನ ಹೊದಿಕೆಗೆ ಅಕ್ರಿಲಿಕ್ ಕೊರೆಯೋವಾಗ ಎರಡು ಸಲ ಬಿರುಕು ಬಿಡ್ತು, ಪಾಲಿಕಾರ್ಬನೇಟ್ ಬಿಡ್ಲಿಲ್ಲ, ಅಷ್ಟೇ ಹೇಳ್ತೀನಿ.

ಎನ್‌ಕೋಡರ್‌ಗೆ, ಅಂದ್ರೆ ಬಟನ್ ಒತ್ತಿದ್ದನ್ನ ಕಂಪ್ಯೂಟರ್‌ಗೆ ತಿಳಿಸೋ ಬೋರ್ಡ್‌ಗೆ ಬಂದ್ರೆ, ಹಳೇ ಕೀಬೋರ್ಡ್ ಬಿಚ್ಚಿ ವೈರ್ ಬೆಸುಗೆ ಹಾಕಿದ್ದೆ ಮೊದಲು. ಇಬ್ಬರು ಒಟ್ಟಿಗೆ ಮೂರ್ನಾಲ್ಕು ಬಟನ್ ಒತ್ತಿದ್ರೆ ಕೆಲವು ಕೆಲಸ ಮಾಡ್ತಿರ್ಲಿಲ್ಲ, ಒತ್ತದೇ ಇರೋದು ಒತ್ತಿದಂಗೆ ಆಗ್ತಿತ್ತು, ಕೀಬೋರ್ಡ್ ಒಳಗೆ ಹಲವು ಕೀಗಳು ಒಂದೇ ಗೆರೆ ಹಂಚ್ಕೊಳ್ಳೋ ಮ್ಯಾಟ್ರಿಕ್ಸ್ ಮಹಿಮೆ. ಆಮೇಲೆ ಝೀರೋ ಡಿಲೇ ಅಂತ ಸಿಗೋ ಬೋರ್ಡ್ ಎರಡು ತಂದೆ, ಆಟಕ್ಕೇನೂ ತೊಂದ್ರೆ ಇಲ್ಲ, ಆದ್ರೆ ರೀಸ್ಟಾರ್ಟ್ ಮಾಡಿದಾಗ ಕೆಲವೊಮ್ಮೆ ಪ್ಲೇಯರ್ 1, 2 ಅದಲುಬದಲು. ಈಗ ಐ-ಪ್ಯಾಕ್ ಅನ್ನೋ ಎನ್‌ಕೋಡರ್ ಬೋರ್ಡ್. ಪ್ರತಿ ಬಟನ್‌ಗೂ ಅದರದ್ದೇ ಪಿನ್, ಕಂಪ್ಯೂಟರ್‌ಗೆ ಕೀಬೋರ್ಡ್ ಥರ ಕಾಣುತ್ತೆ, ಮೇಮ್‌ನಲ್ಲಿ (ಹಳೇ ಆರ್ಕೇಡ್ ಗೇಮ್‌ಗಳನ್ನ ಕಂಪ್ಯೂಟರ್‌ನಲ್ಲಿ ಆಡಿಸೋ ಸಾಫ್ಟ್‌ವೇರ್) 5 ಒತ್ತಿದ್ರೆ ಕಾಯಿನ್, 1 ಒತ್ತಿದ್ರೆ ಸ್ಟಾರ್ಟ್ ಅನ್ನೋದು ಮೊದಲೇ ಹೊಂದ್ಕೊಂಡಿರುತ್ತೆ. ಒಂದು ಕಿವಿಮಾತು, ಗ್ರೌಂಡ್ ವೈರ್ ಬಟನ್ನಿಂದ ಬಟನ್‌ಗೆ ಸರಪಳಿ ಥರ ಹೋಗುತ್ತಲ್ಲ, ಅದರಲ್ಲಿ ಒಂದು ಕ್ರಿಂಪ್ (ವೈರ್ ತುದಿಗೆ ಒತ್ತಿ ಕೂರಿಸಿದ ಲೋಹದ ಕ್ಲಿಪ್) ಸಡಿಲ ಆದ್ರೆ ಅಲ್ಲಿಂದ ಮುಂದಿನ ಬಟನ್‌ಗಳೆಲ್ಲ ಸತ್ತಂಗೆ. ಸರಪಳಿಯ ಕೊನೆ ತುದಿನೂ ಬೋರ್ಡ್‌ಗೆ ವಾಪಸ್ ತಂದು ಕಟ್ಟಿ.

ಮೂರನೇ ಪ್ಯಾನೆಲ್ ಐಡಿಯಾ ಕಾಗದದ ಮೇಲೆ ಎಲ್ಲಕ್ಕಿಂತ ಒಳ್ಳೇದು: ಪ್ರತಿ ಹಲಗೆಗೂ ಅದರದ್ದೇ ಎನ್‌ಕೋಡರ್, ಒಂದು ಯುಎಸ್‌ಬಿ ಕೇಬಲ್ ಕಿತ್ತು ಇನ್ನೊಂದು ಚುಚ್ಚಿದ್ರಾಯ್ತು, ಸೂಟ್‌ಕೇಸ್ ಥರ ಲ್ಯಾಚ್. ಆದ್ರೆ ಜೋರಾಗಿ ಆಡಿದ್ರೆ ಲ್ಯಾಚ್ ಕಟಕಟ ಅಲ್ಲಾಡುತ್ತೆ, ಸ್ಟಿಕ್ ಎಳೆದಾಗ ಇಡೀ ಹಲಗೆನೇ ಚೂರು ಏಳುತ್ತೆ. ಮತ್ತೆ ಬದಲಾಯಿಸೋದು ಎರಡು ನಿಮಿಷದ ಕೆಲಸ ಆದ್ರೂ ಆ ಎರಡು ನಿಮಿಷಕ್ಕೇ ಸೋಮಾರಿತನ, "ಇದರಲ್ಲೇ ಇನ್ನೊಂದು ಆಟ ಆಡೋಣ ಬಿಡು" ಅಂತ.

ಸೋ ಈಗ ಕ್ಯಾಬಿನೆಟ್ ಮೇಲೆ ಕೂತಿರೋದು ಎರಡನೇದೇ, ಎಡಗಡೆ ಜೆಎಲ್‌ಎಫ್, ಬಲಗಡೆ ಮಕ್ಕಳಿಗೆ ಅಂತ ಅಮೆರಿಕನ್ ಸ್ಟಿಕ್, ಒಂದಕ್ಕೊಂದು ಹೊಂದಲ್ಲ, ಇರ್ಲಿ. ಇದರಲ್ಲೂ ಕೊರತೆ ಇದೆ, ರೋಬೋಟ್ರಾನ್ ಆಡೋಕೆ ಎರಡೂ ಸ್ಟಿಕ್ ಒಬ್ಬನೇ ಹಿಡೀಬೇಕು, ಅಷ್ಟು ದೂರ ಇರೋದ್ರಿಂದ ಬಸ್ ಸ್ಟೀರಿಂಗ್ ಹಿಡಿದ ಡ್ರೈವರ್ ಥರ ಕೈ ಅಗಲಿಸ್ಕೊಂಡು ನಿಲ್ತೀನಿ. ಮೂರನೇದರ ಟ್ರ್ಯಾಕ್‌ಬಾಲ್ ಹಲಗೆ ಬೀರು ಹಿಂದೆ ಇದೆ, ತಿಂಗಳಿಗೊಮ್ಮೆ ಮಿಸೈಲ್ ಕಮಾಂಡ್ ನೆನಪಾದಾಗ ಹೊರಗೆ ಬರುತ್ತೆ, ಬರೋವಾಗೆಲ್ಲ ಮೊದಲು ಬಾಲ್ ಎತ್ತಿ ರೋಲರ್‌ಗೆ ಸುತ್ಕೊಂಡಿರೋ ಧೂಳು ತೆಗೀಬೇಕು.